ಸವಕಳಿ ಪಾಠಕ್ಕೆ ಒಂದು ಯೆಜ್ಡಿ

ಪ್ರಥಮ ಪಿಯುಸಿ ಲೆಕ್ಕಶಾಸ್ತ್ರದಲ್ಲಿ ಸವಕಳಿಯ ಅಧ್ಯಾಯ ನಮಗೆಲ್ಲ ಆಗಿದೆ. ಯಂತ್ರದ ಬೆಲೆ ಇಷ್ಟು, ಆಯಸ್ಸು ಇಷ್ಟು ವರ್ಷ, ಗುಜರಿ ಬೆಲೆ ಇಷ್ಟು, ವರ್ಷಕ್ಕೆ ಸವಕಳಿ ಎಷ್ಟು ಎಂದು ಕೇಳುತ್ತಾರೆ. ನಾವು ಲೆಕ್ಕ ಮಾಡಿ ಅಂಕ ತೆಗೆದುಕೊಳ್ಳುತ್ತೇವೆ. ಆ ಯಂತ್ರ ಯಾವುದು, ಅದರೊಳಗೆ ಏನು ಸವೆಯಿತು, ಸವೆದದ್ದನ್ನು ಹೇಗೆ ಸರಿ ಮಾಡಿದರು ಎಂಬುದು ಪ್ರಶ್ನೆಪತ್ರಿಕೆಯಲ್ಲಿ ಬರುವುದಿಲ್ಲ. ಕಳೆದ ಬೇಸಿಗೆ ರಜೆಯಲ್ಲಿ ನಾನು ಬ್ಯಾಡಗಿಯಲ್ಲಿರುವ ನನ್ನ ಛೋಟೆ ಮಾಮು ಅವರ ಗ್ಯಾರೇಜಿನಲ್ಲಿ ಲೆಕ್ಕದ ವಹಿ ಬರೆಯುತ್ತಿದ್ದೆ. ಅಲ್ಲಿ ಒಂದು ಹಳೆಯ ಯೆಜ್ಡಿ ರೋಡ್‌ಕಿಂಗ್ ಗಾಡಿಯನ್ನು ಪೂರ್ತಿ ಬಿಚ್ಚಿ ಕಟ್ಟಿದರು. ಆ ಕೆಲಸದ ಬಗ್ಗೆ, ಅದರ ಲೆಕ್ಕದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ನನಗಿನ್ನೂ ಹದಿನೇಳು, ಗೇರ್ ಗಾಡಿಯ ಲೈಸೆನ್ಸ್ ಸಿಗುವುದಿಲ್ಲ. ಆದ್ದರಿಂದ ಗಾಡಿ ಓಡಿಸುವ ಸುಖದ ಬಗ್ಗೆ ನನ್ನಿಂದ ಏನೂ ನಿರೀಕ್ಷಿಸಬೇಡಿ.

ಗಾಡಿ ನಮ್ಮ ನಾನಾ ಅವರದು. 1991ರಲ್ಲಿ ಕೊಂಡದ್ದು. ಅದರ ನಂಬರು ಕೆಎ 25ರಿಂದ ಶುರುವಾಗುತ್ತದೆ, ಅಂದರೆ ಧಾರವಾಡ. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ, ನಮ್ಮ ಕೆಎ 27 ಬಂದದ್ದು ಆಮೇಲೆ. ನಾನಾ ಬ್ಯಾಡಗಿಯ ದಲಾಲರ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಸೋಮವಾರ, ಗುರುವಾರ ಮೆಣಸಿನಕಾಯಿ ಪೇಟೆ. ಉಳಿದ ದಿನ ಹಾನಗಲ್, ಹಿರೇಕೆರೂರು, ಶಿಗ್ಗಾವಿ ಕಡೆಯ ಹಳ್ಳಿಗಳಿಗೆ ವಸೂಲಿಗೆ ಹೋಗುತ್ತಿದ್ದರು. ದಿನಕ್ಕೆ ನೂರು ಕಿಲೋಮೀಟರ್ ಆಗುತ್ತಿತ್ತಂತೆ. ಈಗ 250 ಸಿಸಿ ಅಂದರೆ ಮಧ್ಯಮ ಗಾಡಿ ಅನ್ನುತ್ತೇವೆ. ಆ ಕಾಲಕ್ಕೆ ನಮ್ಮ ರಸ್ತೆಯ ಮೇಲೆ ದೂರದ ಸವಾರಿಗೆ ಇದ್ದ ಗಟ್ಟಿ ಗಾಡಿಗಳೇ ಎರಡು ಮೂರು, ಅವುಗಳಲ್ಲಿ ಇದೊಂದು.

ಯೆಜ್ಡಿ ನಮ್ಮ ರಾಜ್ಯದ್ದೇ ಗಾಡಿ ಎಂಬುದು ನನ್ನ ಅನೇಕ ಗೆಳತಿಯರಿಗೆ ಗೊತ್ತಿರಲಿಲ್ಲ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇತ್ತು. ರುಸ್ತುಂ ಇರಾನಿ ಅವರು ಝೆಕೊಸ್ಲೊವಾಕಿಯಾದ ಜಾವಾ ಕಂಪನಿಯ ತಂತ್ರಜ್ಞಾನ ತಂದು 1961ರಲ್ಲಿ ತಯಾರಿಕೆ ಶುರು ಮಾಡಿದರು. ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು, ಇರಾನಿನ ಯಜ್ದ್ ಎಂಬ ಊರಿನಿಂದ. ರೋಡ್‌ಕಿಂಗ್ ಬಂದದ್ದು ಆ ದಶಕದ ಕೊನೆಗೆ. ಎಂಬತ್ತರ ದಶಕದಲ್ಲಿ ಕಡಿಮೆ ಪೆಟ್ರೋಲ್ ಕುಡಿಯುವ 100 ಸಿಸಿ ಗಾಡಿಗಳು ಬಂದವು, ಹೊಗೆಯ ನಿಯಮಗಳೂ ಬಿಗಿಯಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2022ರಲ್ಲಿ ಯೆಜ್ಡಿ ಹೆಸರಿನಲ್ಲಿ ಬೇರೆ ಕಂಪನಿಯ ಹೊಸ ಗಾಡಿಗಳು ಬಂದಿವೆ. ಅವು ನಾಲ್ಕು ಸ್ಟ್ರೋಕಿನವು, ಅವುಗಳ ಬಿಡಿಭಾಗ ನಮ್ಮದಕ್ಕೆ ಕೂಡುವುದಿಲ್ಲ.

2021ರಲ್ಲಿ ನಾನಾ ನೋಂದಣಿಯನ್ನು ಕೊನೆಯ ಸಲ ನವೀಕರಿಸಿದರು. ಮರುವರ್ಷ ತೀರಿಕೊಂಡರು. ಗಾಡಿ ಮೂರು ವರ್ಷ ಗೋಣಿಚೀಲ ಹೊದ್ದುಕೊಂಡು ಹಿತ್ತಲಲ್ಲಿ ನಿಂತಿತು. ಕಳೆದ ಮಾರ್ಚಿನಲ್ಲಿ ಇದ್ದಕ್ಕಿದ್ದಂತೆ ಅದಕ್ಕೆ ಬೆಲೆ ಬಂತು. ಗುಜರಿಯವನು 5,000 ಅಂದ. ದಾವಣಗೆರೆಯಿಂದ ಹಳೆ ಗಾಡಿ ಹುಡುಕಿಕೊಂಡು ಬಂದ ಒಬ್ಬರು ಇದ್ದ ಸ್ಥಿತಿಯಲ್ಲೇ 70,000 ಕೊಡುತ್ತೇನೆ ಅಂದರು. ರಾಣೆಬೆನ್ನೂರಿನಲ್ಲಿರುವ ಬಡೇ ಮಾಮು ಕೊಟ್ಟುಬಿಡೋಣ ಅಂದರು. ಛೋಟೆ ಮಾಮು ಒಪ್ಪಲಿಲ್ಲ. ಅಮ್ಮಿಗೆ ತನ್ನ ಪಾಲು ಬಂದರೆ ನನ್ನ ಸಿಎ ಫೌಂಡೇಶನ್ ನೋಂದಣಿ ಆಗುತ್ತದೆ ಎಂಬ ಯೋಚನೆ. ಮನೆಯಲ್ಲಿ ಹದಿನೈದು ದಿನ ಇದೇ ಮಾತು. ಹಾಗಾದರೆ ಈ ಗಾಡಿಯ ನಿಜವಾದ ಮೌಲ್ಯ ಎಷ್ಟು?

ಪುಸ್ತಕದ ಲೆಕ್ಕ ಮೊದಲು ನೋಡೋಣ. ಕೊಂಡ ಬೆಲೆ 20,000 ಎಂದು ಅನುಕೂಲಕ್ಕೆ ಇಟ್ಟುಕೊಳ್ಳಿ. ಸ್ಥಿರ ಕಂತು ಪದ್ಧತಿಯಲ್ಲಿ ಆಯಸ್ಸು 15 ವರ್ಷ, ಗುಜರಿ ಬೆಲೆ 2,000 ಅಂದರೆ ವರ್ಷಕ್ಕೆ 1,200 ಸವಕಳಿ. 2006ಕ್ಕೆ ಗಾಡಿಯ ಆಯಸ್ಸು ಮುಗಿಯಿತು. ಇಳಿಕೆ ಶೇಷ ಪದ್ಧತಿಯಲ್ಲಿ, ಆದಾಯ ತೆರಿಗೆಯವರು ಹೇಳುವ ಶೇ. 15ರ ದರ ಹಿಡಿದರೆ, ಮೊದಲ ವರ್ಷದ ಕೊನೆಗೆ 17,000, ಹತ್ತು ವರ್ಷಕ್ಕೆ 3,937, ಮೂವತ್ನಾಲ್ಕು ವರ್ಷಕ್ಕೆ ಸುಮಾರು 80 ರೂಪಾಯಿ. ಗಾಡಿಯ ತೂಕ ಸುಮಾರು 140 ಕೆಜಿ. ಕೆಜಿಗೆ ಒಂದು ರೂಪಾಯಿಯೂ ಬೀಳಲಿಲ್ಲ. ಎರಡೂ ಪದ್ಧತಿ ತಪ್ಪಲ್ಲ. ಸವಕಳಿ ಅಂದರೆ ಕೊಂಡ ಬೆಲೆಯನ್ನು ಬಳಸಿದ ವರ್ಷಗಳಿಗೆ ಹಂಚುವ ವಿಧಾನ ಅಷ್ಟೇ, ಇವತ್ತು ಪೇಟೆಯಲ್ಲಿ ಎಷ್ಟಕ್ಕೆ ಹೋಗುತ್ತದೆ ಎಂದು ಅದು ಹೇಳುವುದಿಲ್ಲ. ಈ ವಾಕ್ಯ ನಮ್ಮ ಪಠ್ಯದಲ್ಲೂ ಇದೆ, ನಾವು ಓದಿ ದಾಟಿಬಿಡುತ್ತೇವೆ.

ಏಪ್ರಿಲ್ ಮೊದಲ ವಾರ ಮನೆಯ ಹಿರಿಯರೆಲ್ಲ ಕೂತು ಒಂದು ಚೀಟಿ ಬರೆದರು. ಮೌಲ್ಯ 70,000. ಗಾಡಿ ಛೋಟೆ ಮಾಮು ಅವರಿಗೆ, ಉಳಿದವರ ಪಾಲನ್ನು ಅವರು ಹಣದಲ್ಲಿ ಕೊಡಬೇಕು. ನಾನಿಗೆ ಎಂಟನೇ ಒಂದು ಪಾಲು, 8,750. ಉಳಿದ 61,250ರಲ್ಲಿ ಗಂಡುಮಕ್ಕಳಿಗೆ ಎರಡೆರಡು, ಮಗಳಿಗೆ ಒಂದು, ಒಟ್ಟು ಐದು ಪಾಲು. ಒಂದೊಂದು ಮಾಮುಗೆ 24,500, ಅಮ್ಮಿಗೆ 12,250. ನಾನಿ ಬೇಡ ಅನ್ನುತ್ತಾರೆಂದು ಎಲ್ಲರೂ ಅಂದುಕೊಂಡಿದ್ದೆವು. ಅವರು ನೋಟು ಎರಡು ಸಲ ಎಣಿಸಿ ತೆಗೆದುಕೊಂಡರು.

ಇನ್ನು ಕೆಲಸದ ವಿಷಯ.

ಎರಡು ಸ್ಟ್ರೋಕಿನ ಎಂಜಿನ್ ಹೇಗೆ ನಡೆಯುತ್ತದೆ ಎಂದು ತಿಳಿಯದೆ ಅದರ ರೋಗ ತಿಳಿಯುವುದಿಲ್ಲ. ಇವತ್ತಿನ ಗಾಡಿಗಳಲ್ಲಿ ಕ್ರ್ಯಾಂಕು ಎರಡು ಸುತ್ತು ತಿರುಗಿದರೆ ಒಂದು ಸಲ ಬೆಂಕಿ ಹತ್ತುತ್ತದೆ. ಯೆಜ್ಡಿಯಲ್ಲಿ ಪ್ರತಿ ಸುತ್ತಿಗೂ ಹತ್ತುತ್ತದೆ. ವಾಲ್ವ್ ಇಲ್ಲ. ಪಿಸ್ಟನ್ ಮೇಲೆ ಹೋಗುವಾಗ ಅದರ ಕೆಳಗಿನ ಕ್ರ್ಯಾಂಕ್ ಕೋಣೆ ಕಾರ್ಬ್ಯುರೇಟರಿನಿಂದ ಪೆಟ್ರೋಲ್ ಮತ್ತು ಗಾಳಿ ಎಳೆದುಕೊಳ್ಳುತ್ತದೆ. ಕೆಳಗೆ ಬರುವಾಗ ಅದೇ ಮಿಶ್ರಣವನ್ನು ಒತ್ತಿ ಪಕ್ಕದ ದಾರಿಗಳಿಂದ ಮೇಲಕ್ಕೆ ಕಳಿಸುತ್ತದೆ. ಅಂದರೆ ಕ್ರ್ಯಾಂಕ್ ಕೋಣೆಯೇ ಒಂದು ಪಂಪು. ಸೈಕಲ್ ಪಂಪಿನ ವಾಷರ್ ಹೋದರೆ ಎಷ್ಟು ಒತ್ತಿದರೂ ಗಾಳಿ ಹೋಗುವುದಿಲ್ಲವಲ್ಲ, ಹಾಗೆ ಈ ಕೋಣೆಯ ಎರಡು ಬದಿಯ ಆಯಿಲ್ ಸೀಲ್ ಹೋದರೆ ಗಾಡಿ ಸರಿಯಾಗಿ ನಡೆಯುವುದಿಲ್ಲ.

ನಿಂತ ಗಾಡಿಗೆ ಮೊದಲು ಹೋಗುವುದೇ ಈ ಸೀಲ್. ರಬ್ಬರ್ ಒಣಗಿ ಗಟ್ಟಿಯಾಗುತ್ತದೆ. ಕ್ಲಚ್ ಬದಿಯ ಸೀಲ್ ಹೋದರೆ ಎಂಜಿನ್ ಗೇರ್ ಎಣ್ಣೆಯನ್ನು ಕುಡಿಯಲು ಶುರು ಮಾಡುತ್ತದೆ. ಬಿಳಿ ಹೊಗೆ ನಿಲ್ಲುವುದೇ ಇಲ್ಲ, ಗೇರ್ ಎಣ್ಣೆ ತಿಂಗಳು ತಿಂಗಳು ಕಡಿಮೆಯಾಗುತ್ತದೆ. ಇನ್ನೊಂದು ಬದಿಯ ಸೀಲ್ ಹೋದರೆ ಹೊಗೆ ಕಾಣುವುದಿಲ್ಲ, ಆದರೆ ಅದೇ ಹೆಚ್ಚು ಅಪಾಯ. ಹೊರಗಿನ ಗಾಳಿ ಒಳಗೆ ಸೇರಿ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಕಾಯುತ್ತದೆ, ಹೈವೇ ಮೇಲೆ ಓಡುತ್ತಿರುವಾಗಲೇ ಪಿಸ್ಟನ್ ಸಿಲಿಂಡರಿಗೆ ಕಚ್ಚಿ ಹಿಂದಿನ ಗಾಲಿ ನಿಂತುಬಿಡುತ್ತದೆ. ಮೋಟೆಬೆನ್ನೂರಿನ ಹತ್ತಿರ ಹಿಂದೆ ಲಾರಿ ಬರುವಾಗ ಹೀಗಾದರೆ ಏನು ಗತಿ ಎಂದು ಯೋಚಿಸಿ. ಗಾಡಿ ಹೀಗೆ ಕಚ್ಚಿದ ಕ್ಷಣ ಕ್ಲಚ್ ಹಿಡಿಯಬೇಕು ಎಂದು ಮಾಮು ಎಲ್ಲ ಹುಡುಗರಿಗೂ ಹೇಳುತ್ತಾರೆ. ನಿಮ್ಮ ಮನೆಯಲ್ಲಿ ಯೆಜ್ಡಿ ಇರಲಿಕ್ಕಿಲ್ಲ. ಆರ್‌ಎಕ್ಸ್ 100 ಇದ್ದರೆ ಇದೇ ಮಾತು ಅದಕ್ಕೂ ಸಲ್ಲುತ್ತದೆ.

ನಮ್ಮದು ಕಿಕ್ ಹೊಡೆದರೆ ಅಲುಗಲೇ ಇಲ್ಲ. ಪಿಸ್ಟನ್ ತುಕ್ಕಿಗೆ ಹಿಡಿದಿತ್ತು. (ಯೆಜ್ಡಿಯಲ್ಲಿ ಕಿಕ್ಕರೂ ಗೇರ್ ಲಿವರೂ ಒಂದೇ. ಒಳಕ್ಕೆ ಒತ್ತಿ ತಿರುಗಿಸಿದರೆ ಕಿಕ್ಕರ್, ಬಿಟ್ಟರೆ ಗೇರ್. ಮೊದಲ ಸಲ ನೋಡಿದವರು ಕಿಕ್ಕರ್ ಎಲ್ಲಿದೆ ಎಂದು ಸುತ್ತಲೂ ಹುಡುಕುತ್ತಾರೆ.) ಪ್ಲಗ್ ತೆಗೆದು ಆ ತೂತಿನಿಂದ ಡೀಸೆಲ್ ಮತ್ತು ಎಣ್ಣೆ ಸುರಿದು ಎರಡು ರಾತ್ರಿ ಬಿಟ್ಟರು. ಮೂರನೇ ದಿನ ಗೇರಿಗೆ ಹಾಕಿ ಹಿಂದಿನ ಗಾಲಿಯನ್ನು ಹಿಂದೆ ಮುಂದೆ ಮೆಲ್ಲಗೆ ಆಡಿಸಿದಾಗ ಬಿಟ್ಟಿತು. ಕಾಲಿನಿಂದ ಜೋರಾಗಿ ಒದ್ದು ಬಿಡಿಸಿದ್ದರೆ ರಿಂಗ್ ಮುರಿದು ಸಿಲಿಂಡರ್ ಗೀರಿಬಿಡುತ್ತಿತ್ತು.

ಸಿಲಿಂಡರ್ ಬಿಚ್ಚಿದ ಮೇಲೆ ರಾಣೆಬೆನ್ನೂರಿಗೆ ಹೋಗುವ ಕೆಲಸ. ನಾನೂ ಹೋಗಿದ್ದೆ, ಸಿಲಿಂಡರನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು. ರೋಡ್‌ಕಿಂಗ್ ಸಿಲಿಂಡರಿನ ಒಳ ಅಗಲ ಹೊಸದಿದ್ದಾಗ 65 ಮಿ.ಮೀ., ಪಿಸ್ಟನ್ ಓಡುವ ದೂರ 75 ಮಿ.ಮೀ. ಗಣಿತದ ಸೂತ್ರ ಹಾಕಿದರೆ ಸುಮಾರು 249 ಸಿಸಿ ಬರುತ್ತದೆ. ನಾನಾ ಒಮ್ಮೆ 0.25 ಬೋರ್ ಮಾಡಿಸಿದ್ದರು. ಲೇಥಿನ ಚಾಚಾ ಅಳತೆ ಹಿಡಿದು ಮೇಲೆ ಒಂದು ಕಡೆ, ನಡುವೆ ಒಂದು ಕಡೆ, ಕೆಳಗೆ ಒಂದು ಕಡೆ ನೋಡಿದರು. ಸವೆತ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ, ಕಿಂಡಿಗಳಿರುವ ಜಾಗದಲ್ಲಿ ಹೆಚ್ಚು. 0.50ಕ್ಕೆ ಹೋಗಬೇಕು ಅಂದರು. ಅವರು ಕೇಳಿದ ಮೊದಲ ಪ್ರಶ್ನೆ, ಪಿಸ್ಟನ್ ತಂದಿದ್ದೀರಾ? ಪಿಸ್ಟನ್ ಕೈಯಲ್ಲಿಲ್ಲದೆ ಬೋರ್ ಮಾಡುವವನು ಒಳ್ಳೆಯ ಕೆಲಸಗಾರನಲ್ಲ. ಡಬ್ಬಿಯ ಮೇಲೆ 0.50 ಎಂದು ಬರೆದಿದ್ದರೂ ಒಂದೊಂದು ಪಿಸ್ಟನ್ ಕೂದಲೆಳೆಯಷ್ಟು ಹೆಚ್ಚು ಕಡಿಮೆ ಇರುತ್ತದೆ. ಮೊದಲು ಪಿಸ್ಟನ್ ಅಳೆದು, ಅದಕ್ಕೆ ಬೇಕಾದ ಸಂದು ಸೇರಿಸಿ, ಆಮೇಲೆ ಸಿಲಿಂಡರ್ ಕೊರೆಯುತ್ತಾರೆ. ಕಾರ್ಖಾನೆ ಮುಚ್ಚಿ ಮೂವತ್ತು ವರ್ಷ ಆಗುತ್ತಾ ಬಂದಿರುವಾಗ ಪಿಸ್ಟನ್ನುಗಳನ್ನು ಎಲ್ಲೆಲ್ಲೋ ಸಣ್ಣ ಕಾರ್ಖಾನೆಗಳಲ್ಲಿ ಮಾಡುತ್ತಾರೆ, ಆದ್ದರಿಂದ ಈ ಅಳತೆ ಮೊದಲಿಗಿಂತ ಈಗ ಮುಖ್ಯ. 65.5 ಆದ ಮೇಲೆ ಎಂಜಿನ್ ಸುಮಾರು 253 ಸಿಸಿ ಆಯಿತು. ನೋಂದಣಿ ಪುಸ್ತಕದಲ್ಲಿ ಮಾತ್ರ ಹಳೆಯದೇ.

ಕ್ರ್ಯಾಂಕು ಅದೇ ಅಂಗಡಿಯಲ್ಲಿ ಆಯಿತು. ಎರಡು ದಪ್ಪ ಚಕ್ರಗಳ ನಡುವೆ ಪಿನ್ ಒತ್ತಿ ಕೂರಿಸಿರುತ್ತಾರೆ. ಕನೆಕ್ಟಿಂಗ್ ರಾಡ್ ಬದಲಿಸಬೇಕಾದರೆ ಪ್ರೆಸ್ಸಿನಲ್ಲಿ ಪಿನ್ ಹೊರತೆಗೆದು ಹೊಸದನ್ನು ಒತ್ತಬೇಕು. ಒತ್ತುವುದು ಐದು ನಿಮಿಷ. ಎರಡು ಚಕ್ರ ಒಂದೇ ನೇರದಲ್ಲಿ ತಿರುಗುವಂತೆ ಮಾಡುವುದು ಒಂದು ತಾಸು. ಎರಡು ಮೊನೆಗಳ ನಡುವೆ ಇಟ್ಟು ತಿರುಗಿಸುತ್ತಾರೆ, ಡಯಲ್ ಗೇಜಿನ ಮುಳ್ಳು ನೋಡುತ್ತಾರೆ, ತಾಮ್ರದ ಸುತ್ತಿಗೆಯಿಂದ ಒಂದು ಏಟು, ಮತ್ತೆ ತಿರುಗಿಸುತ್ತಾರೆ. ಮಿಲಿಮೀಟರಿನ ನೂರರಲ್ಲಿ ಎರಡು ಮೂರು ಭಾಗಕ್ಕಿಂತ ಹೆಚ್ಚು ಅಲುಗಬಾರದು. ಆ ಚಾಚಾ ಈ ಕೆಲಸವನ್ನು ಕಲಿಯಲು ಯಾರೂ ಬರುತ್ತಿಲ್ಲ ಅಂದರು. ಅವರ ಮಗ ಬೆಂಗಳೂರಿನಲ್ಲಿ ಡೆಲಿವರಿ ಕೆಲಸ ಮಾಡುತ್ತಾನೆ.

ಬ್ಯಾಡಗಿಗೆ ಮರಳಿದ ಮೇಲೆ ಜೋಡಣೆ. ಪೇಟೆಯ ಹಂಗಾಮು ಇನ್ನೂ ಮುಗಿದಿರಲಿಲ್ಲ. ಮೆಣಸಿನಕಾಯಿ ಧೂಳು ಎಲ್ಲ ಕಡೆ ಇರುತ್ತದೆ, ಹೊಸಬರು ಗ್ಯಾರೇಜಿಗೆ ಬಂದರೆ ಕೆಮ್ಮುತ್ತಲೇ ಮಾತಾಡುತ್ತಾರೆ. ಆ ದಿನಗಳಲ್ಲಿ ಮಾಮು ತೆರೆದ ಎಂಜಿನ್ ಮೇಲೆ ಒದ್ದೆ ಬಟ್ಟೆ ಮುಚ್ಚಿಡುತ್ತಿದ್ದರು. ನಮ್ಮ ಊರಿನಲ್ಲಿ ಏರ್ ಫಿಲ್ಟರ್ ಅನ್ನು ಕಂಪನಿ ಹೇಳಿದ ಅವಧಿಯ ಅರ್ಧಕ್ಕೇ ತೊಳೆಯಬೇಕು ಎಂಬುದು ಅವರ ಲೆಕ್ಕ. ಗಾಡಿಯ ಸುದ್ದಿ ಹರಡಿ ಪೇಟೆಗೆ ಬಂದ ರೈತರು ನೋಡಲು ನಿಲ್ಲುತ್ತಿದ್ದರು. "ಏನ್ರಿ ಸಾಹೇಬ್ರ, ನಿಮ್ಮ ಅಪ್ಪಾರ ಗಾಡಿ ಅಲ್ಲೇನ್ರಿ ಇದು? ನಮ್ಮ ಮನೀಗೆ ಬಾಕಿ ಕೇಳಾಕ ಬಂದರ ಆ ಸಪ್ಪಳ ಕೇಳಿನ ನಮ್ಮಪ್ಪ ಹಿತ್ತಲ ಬಾಗಲಾಗಿಂದ ಹೋಗಿಬಿಡತಿದ್ದ" ಎಂದು ಒಬ್ಬರು ನಕ್ಕರು. ಇನ್ನೊಬ್ಬ ಅಜ್ಜ ನನ್ನ ಕಡೆ ತಿರುಗಿ, "ಏನವಾ, ಬರೇ ಲೆಕ್ಕಾ ಬರಿತಿ, ಪಾನಾ ಹಿಡಿಯೂದಿಲ್ಲೇನು?" ಅಂದರು. ಪಾನಾ ಹಿಡಿದದ್ದೂ ಆಯಿತು. ಪಾಯಿಂಟ್ ಹೊಂದಿಸುವ ಕೆಲಸವನ್ನು ಮಾಮು ನನಗೆ ಕಲಿಸಿದರು. ಕಿಡಿ ಯಾವಾಗ ಹಾರಬೇಕೆಂದು ತೀರ್ಮಾನಿಸುವುದು ಎರಡು ಪುಟ್ಟ ಲೋಹದ ಬಿಲ್ಲೆಗಳು. ಅವು ತೆರೆದಾಗ ನಡುವಿನ ಸಂದು ಸುಮಾರು 0.4 ಮಿ.ಮೀ. ಇರಬೇಕು. ತೆರೆಯುವ ಕ್ಷಣ ಕಣ್ಣಿಗೆ ಕಾಣುವುದಿಲ್ಲ. ನಡುವೆ ತೆಳುವಾದ ಕಾಗದದ ಚೂರು ಸಿಕ್ಕಿಸಿ ಮೆಲ್ಲಗೆ ಎಳೆಯುತ್ತಾ ಕ್ರ್ಯಾಂಕ್ ತಿರುಗಿಸಿದರೆ, ಬಿಲ್ಲೆ ತೆರೆದ ಕ್ಷಣ ಕಾಗದ ಜಾರುತ್ತದೆ. ಪಿಸ್ಟನ್ ಆಗ ತುದಿಗಿಂತ ಎಷ್ಟು ಕೆಳಗಿದೆ ಎಂದು ಪ್ಲಗ್ ತೂತಿನಿಂದ ಅಳೆದು ಕೈಪಿಡಿಯ ಅಳತೆಗೆ ತರುತ್ತಾರೆ.

ಪೆಟ್ರೋಲಿಗೆ ಎಣ್ಣೆ ಬೆರೆಸುವುದು ಪ್ರಮಾಣದ ಲೆಕ್ಕ. ಈ ಎಂಜಿನಿನಲ್ಲಿ ಪಿಸ್ಟನ್ನಿಗೆ ಬೇರೆ ಎಣ್ಣೆ ಇಲ್ಲ, ಪೆಟ್ರೋಲಿನ ಜೊತೆ ಹೋದದ್ದೇ ಅದಕ್ಕೆ ಅನ್ನ. ಹಳೆಯ ಕಾಲದ ಪ್ರಮಾಣ 25ಕ್ಕೆ 1, ಅಂದರೆ ಲೀಟರಿಗೆ 40 ಮಿ.ಲೀ. ಈಗಿನ ಒಳ್ಳೆಯ 2ಟಿ ಎಣ್ಣೆಗೆ 30 ಸಾಕು ಅನ್ನುವವರಿದ್ದಾರೆ. ಹೊಸ ಬೋರ್ ಆದ್ದರಿಂದ ಮೊದಲ 500 ಕಿ.ಮೀ.ಗೆ ಮಾಮು 40 ಹಾಕಿದರು, ವೇಗ 45 ದಾಟಿಸಲಿಲ್ಲ. ಇನ್ನೊಂದು ಹೊಸ ತೊಂದರೆ ಎಥನಾಲ್. ಪಂಪಿನ ಪೆಟ್ರೋಲಿನಲ್ಲಿ ಈಗ ಶೇ. 20ರವರೆಗೆ ಇರುತ್ತದೆ. ಅದು ಗಾಳಿಯ ತೇವ ಹೀರುತ್ತದೆ, ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ, ಗಾಡಿ ತಿಂಗಳುಗಟ್ಟಲೆ ನಿಂತರೆ ಟ್ಯಾಂಕಿನ ಅಡಿಯಲ್ಲಿ ನೀರು ನಿಂತು ತುಕ್ಕು ಹಿಡಿಯುತ್ತದೆ. ನಮ್ಮ ಜಿಲ್ಲೆಯ ಮೆಕ್ಕೆಜೋಳಕ್ಕೆ ಎಥನಾಲಿನಿಂದ ಬೇಡಿಕೆ ಬರಲಿ ಎಂದು ಬಯಸುವವರ ಪೈಕಿ ನಾನೂ ಇದ್ದೇನೆ, ಆದರೆ ಹಳೆಯ ಗಾಡಿಯ ಪೆಟ್ರೋಲ್ ಪೈಪನ್ನು ಹೊಸ ರಬ್ಬರಿನದಕ್ಕೆ ಬದಲಿಸಿ, ನಿಲ್ಲಿಸುವ ಮುನ್ನ ಕಾರ್ಬ್ಯುರೇಟರ್ ಖಾಲಿ ಮಾಡಿ.

ಬ್ರೇಕ್ ಬಗ್ಗೆ ಒಂದೇ ಮಾತು. ಡ್ರಮ್ ಬಿಚ್ಚಿದಾಗ ಒಳಗಿನ ಧೂಳನ್ನು ಬಾಯಿಂದಲೂ ಗಾಳಿಯ ಪೈಪಿನಿಂದಲೂ ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಹಳೆಯ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಗ್ಯಾರೇಜಿನ ಹುಡುಗರು ಇದನ್ನು ಪಾಲಿಸುವುದು ನಾನು ನೋಡುತ್ತಿರುವಾಗ ಮಾತ್ರ.

ವಹಿಯ ಪುಟ ಹೀಗಿದೆ. ಪಿಸ್ಟನ್, ಬೋರಿಂಗ್, ಕ್ರ್ಯಾಂಕ್, ಬೇರಿಂಗ್, ಸೀಲ್, ಗ್ಯಾಸ್ಕೆಟ್ ಸೇರಿ 8,900. ಟೈರ್ ಟ್ಯೂಬ್ 4,400. ಚೈನ್ ಸೆಟ್ 1,850. ಪಾಯಿಂಟ್, ಪ್ಲಗ್, ಬ್ಯಾಟರಿ 1,520. ಕಾರ್ಬ್ಯುರೇಟರ್ ಮತ್ತು ಟ್ಯಾಂಕ್ ತೊಳೆತ 1,200. ಬ್ರೇಕ್ ಮತ್ತು ಕೇಬಲ್ 1,080. ಎಣ್ಣೆ 600. ಒಟ್ಟು 19,550. ಮಾಮು ತಮ್ಮ ಕೂಲಿ ಬರೆಯಲು ಬಿಡಲಿಲ್ಲ, ನಾನು ದಿನಗಳನ್ನು ಮಾತ್ರ ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಇಪ್ಪತ್ತಾರು ಸಂಜೆ.

ಇದರಲ್ಲಿ ಬಂಡವಾಳ ವೆಚ್ಚ ಯಾವುದು, ಆದಾಯ ವೆಚ್ಚ ಯಾವುದು? ಎಣ್ಣೆ, ಪ್ಲಗ್, ಕೇಬಲ್, ಬ್ರೇಕ್ ಲೈನಿಂಗ್ ವರ್ಷ ವರ್ಷ ಬರುವ ಖರ್ಚು, ಆದಾಯ ವೆಚ್ಚವೇ. ಎಂಜಿನಿನ 8,900 ಗಾಡಿಗೆ ಹತ್ತು ವರ್ಷ ಆಯಸ್ಸು ಕೊಟ್ಟಿದೆ, ಬಂಡವಾಳ ವೆಚ್ಚ. ಟೈರಿನ ಬಗ್ಗೆ ತರಗತಿಯಲ್ಲಿ ಜಗಳವೇ ಆಯಿತು. ನಮ್ಮ ಉಪನ್ಯಾಸಕರು ಬೇರೆ ದಾರಿ ತೋರಿಸಿದರು. ಬಳಸಿದ ಆಸ್ತಿಯನ್ನು ಕೊಂಡು, ಅದನ್ನು ಓಡುವ ಸ್ಥಿತಿಗೆ ತರಲು ಮೊದಲು ಮಾಡಿದ ಖರ್ಚೆಲ್ಲ ಬಂಡವಾಳ ವೆಚ್ಚ ಎಂದು ಪಠ್ಯ ಹೇಳುತ್ತದೆ. ನಿಮ್ಮ ಮಾಮು ಮನೆಯವರಿಂದ 70,000ಕ್ಕೆ ಕೊಂಡಂತೆಯೇ ಆಯಿತಲ್ಲ ಅಂದರು. ಹಾಗೆ ನೋಡಿದರೆ ಗಾಡಿಯ ಪುಸ್ತಕ ಬೆಲೆ ಈಗ 89,550, ಎಂಬತ್ತು ರೂಪಾಯಿ ಅಲ್ಲ. ನನಗೂ ಅದೇ ಸರಿ ಅನ್ನಿಸುತ್ತದೆ.

ಸೆಪ್ಟೆಂಬರಿನಲ್ಲಿ ಅದೇ ದಾವಣಗೆರೆಯವರು ಗಾಡಿಯ ಸದ್ದು ಕೇಳಿ 1,15,000 ಅಂದರು. ಬಡೇ ಮಾಮು ಅರ್ಧ ನಗುತ್ತಾ, ಹೆಚ್ಚಾದ 45,000ದಲ್ಲಿ ನಮಗೆಷ್ಟು ಎಂದು ಕೇಳಿದರು. ದ್ವಿತೀಯ ಪಿಯುಸಿಯ ಪಾಲುದಾರಿಕೆ ಪಾಠದಲ್ಲಿ ಪುನರ್ ಮೌಲ್ಯೀಕರಣ ಖಾತೆ ಇದೆಯಲ್ಲ, ಅದನ್ನೇ ಹಾಕಿ ತೋರಿಸಿದೆ. ಪಾಲುದಾರ ಹೊರಹೋಗುವ ದಿನದ ಮೌಲ್ಯಕ್ಕೆ ಲಾಭ ಹಂಚುತ್ತಾರೆ, ಆಮೇಲಿನದು ಉಳಿದವನದು. 45,000ದಲ್ಲಿ ಸಾಮಾನಿನ ಖರ್ಚು 19,550 ಕಳೆದರೆ 25,450. ಇಪ್ಪತ್ತಾರು ಸಂಜೆಗೆ 600ರಂತೆ ಕೂಲಿ ಹಿಡಿದರೆ 15,600. ಉಳಿದದ್ದು 9,850. ಬಡೇ ಮಾಮು ಹಾಳೆಯನ್ನು ಬಹಳ ಹೊತ್ತು ನೋಡಿ, ತಮ್ಮ ಪಾಲಿನಲ್ಲಿ ಬಾಕಿ ಇರುವ 12,000ದ ಕಂತು ಯಾವಾಗ ಎಂದಷ್ಟೇ ಕೇಳಿದರು. ಅಮ್ಮಿಯ ಪಾಲು ಜೂನಿನಲ್ಲೇ ಬಂದಿತ್ತು. ನನ್ನ ನೋಂದಣಿ ಆಗಿದೆ.

ಕಾಗದಪತ್ರದ ಕೆಲಸ ಬಾಕಿ ಇದೆ. ಮಾಲೀಕರು ತೀರಿಕೊಂಡರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ವಾರಸುದಾರರ ಹೆಸರಿಗೆ ಅರ್ಜಿ ಹಾಕಬೇಕು ಎಂಬ ನಿಯಮ ಬಹಳ ಮನೆಗಳಲ್ಲಿ ಗೊತ್ತಿಲ್ಲ. ನಿಮ್ಮ ಮನೆಯಲ್ಲಿ ಅಂಥ ಗಾಡಿ ಇದ್ದರೆ ಈಗಲೇ ನೋಡಿ. 15 ವರ್ಷ ದಾಟಿದ ಮೇಲೆ ನೋಂದಣಿ ಐದೈದು ವರ್ಷಕ್ಕೆ ನವೀಕರಣ, ಅದಕ್ಕೆ ನಮೂನೆ 25. ಕಳೆದ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಬೈಕುಗಳ ನವೀಕರಣ ಶುಲ್ಕ 2,000 ಆಯಿತು, ಮೊದಲು 1,000 ಇತ್ತು. 150ರಿಂದ 350 ಸಿಸಿಯೊಳಗಿನ ಗಾಡಿಗೆ ಥರ್ಡ್ ಪಾರ್ಟಿ ವಿಮೆ ವರ್ಷಕ್ಕೆ 1,366, ಮೇಲೆ ಜಿಎಸ್‌ಟಿ. ಹೊಗೆ ಪರೀಕ್ಷೆಯಲ್ಲಿ ಇಷ್ಟು ಹಳೆಯ ದ್ವಿಚಕ್ರಕ್ಕೆ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ. 4.5. ಸೈಲೆನ್ಸರಿನ ಒಳಕೊಳವೆ ತೆಗೆದು ಕಾಸ್ಟಿಕ್ ಸೋಡಾದಲ್ಲಿ ಕುದಿಸಿ ಮಸಿ ಬಿಡಿಸಿದ್ದೇವೆ.

ನಮ್ಮ ಗಾಡಿಯ ನೋಂದಣಿ ಮೇ 18ಕ್ಕೆ ಮುಗಿಯುತ್ತದೆ. ಅರ್ಜಿಯನ್ನು ಅವಧಿ ಮುಗಿಯುವ 60 ದಿನದೊಳಗೆ ಹಾಕಬಹುದು, ಅಂದರೆ ಮಾರ್ಚ್ 19ರಿಂದ. ಅಷ್ಟರಲ್ಲಿ ನನ್ನ ಪರೀಕ್ಷೆ ಮುಗಿದಿರುತ್ತದೆ. ಎರಡು ನಮೂನೆಗಳನ್ನೂ ತುಂಬುವ ಕೆಲಸ ಮಾಮು ನನಗೇ ಒಪ್ಪಿಸಿದ್ದಾರೆ.